ಐದು ಜನರ ಕಂಪನಿ ಐವತ್ತು ಜನರದ್ದಾಗುವಾಗ: ಕೆಲಸ, ಅಧಿಕಾರ ಹಂಚುವ ಬಗೆ

ಕಂಪನಿಯಲ್ಲಿ ಆರು ಜನ ಇರುವಾಗಲೇ ಸಿಇಒ, ಸಿಒಒ, ಸಿಟಿಒ ಅಂತ ಹುದ್ದೆ ಹಂಚಿಕೊಂಡು, ಯಾರ ಕೆಳಗೆ ಯಾರು ಅಂತ ಚೌಕ ಚೌಕವಾಗಿ ಚಿತ್ರ ಬರೆದು ಗೋಡೆಗೆ ಅಂಟಿಸುವವರಿದ್ದಾರೆ. ಅರವತ್ತು ಜನರಾದ ಮೇಲೂ "ನಮ್ಮಲ್ಲಿ ದೊಡ್ಡವರು ಚಿಕ್ಕವರು ಅಂತ ಇಲ್ಲ, ಎಲ್ಲರೂ ಒಂದೇ ಮನೆಯವರು" ಅನ್ನುವವರೂ ಇದ್ದಾರೆ. ಎರಡೂ ಕಡೆ ಕೊನೆಗೆ ಆಗುವ ತೊಂದರೆ ಒಂದೇ. ಸಣ್ಣಪುಟ್ಟ ತೀರ್ಮಾನಕ್ಕೂ ಎಲ್ಲರೂ ಸ್ಥಾಪಕರ ಫೋನಿಗೆ ಕಾಯುತ್ತಾ ಕೂರುತ್ತಾರೆ.

ಮೊದಲು ತೀರ್ಮಾನ ಹಂಚಬೇಕು, ಹುದ್ದೆ ಆಮೇಲೆ. ಯಾರು ಯಾವ ವಿಷಯದಲ್ಲಿ, ಎಷ್ಟು ರೂಪಾಯಿವರೆಗೆ, ಯಾರನ್ನೂ ಕೇಳದೆ "ಸರಿ, ಮಾಡಿ" ಅನ್ನಬಹುದು? ಇದಿಷ್ಟು ಇತ್ಯರ್ಥವಾದರೆ ಗೋಡೆಯ ಚಿತ್ರ ಬರೆಯೋದು ಅರ್ಧ ಗಂಟೆಯ ಕೆಲಸ.

ಮಾತಿಗೆ ಒಂದು ಕಂಪನಿ ಇಟ್ಟುಕೊಳ್ಳೋಣ. ಊರು ಕೋಲಾರ. ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ ಸುತ್ತಿನ ರೈತರಿಂದಲೂ ಕೋಲಾರದ ಎಪಿಎಂಸಿ ಹರಾಜಿನಲ್ಲೂ ಟೊಮೆಟೊ, ತರಕಾರಿ ಕೊಳ್ಳುತ್ತದೆ. ಗ್ರೇಡಿಂಗ್ ಮಾಡಿ, ಅಂದರೆ ಗುಣಮಟ್ಟ ನೋಡಿ ವಿಂಗಡಿಸಿ, ರಾತ್ರೋರಾತ್ರಿ ಬೆಂಗಳೂರಿನ ಹೋಟೆಲು, ಅಂಗಡಿಗಳಿಗೆ ಮುಟ್ಟಿಸುತ್ತದೆ. ಆರ್ಡರ್ ಹಿಡಿಯೋಕೆ ಒಂದು ಆ್ಯಪ್ ಇದೆ. ಶುರು ಮಾಡಿದವರು ಇಬ್ಬರು. ಇದು ಬರೀ ಊಹೆಯ ಕಂಪನಿ, ಮುಂದೆ ಬರುವ ಅದರ ರೂಪಾಯಿ ಮಿತಿಗಳೂ ಉದಾಹರಣೆಗೆ ಮಾತ್ರ. ನೀವು ಸಾಫ್ಟ್‌ವೇರ್ ಮಾಡುವವರಾದರೂ, ಶಿಡ್ಲಘಟ್ಟದಲ್ಲಿ ರೇಷ್ಮೆ ವ್ಯವಹಾರದವರಾದರೂ ಹಂತಗಳು ಇವೇ.

ಹಂತ 1: ನಿಮಗೆ ಬರುವ ಫೋನುಗಳನ್ನು ಬರೆದಿಡಿ

ಎರಡು ವಾರ ಒಂದು ನೋಟ್‌ಬುಕ್ ಜೇಬಿನಲ್ಲಿರಲಿ. ಫೋನು, ವಾಟ್ಸಾಪ್, ಎದುರಿಗೆ ಬಂದು ಕೇಳೋದು ಎಲ್ಲ ಸೇರಿಸಿ, ನಿಮ್ಮ ಹತ್ತಿರ ಬಂದ ಪ್ರತಿ ಪ್ರಶ್ನೆಯನ್ನೂ ಒಂದು ಸಾಲಿನಲ್ಲಿ ಬರೆಯಿರಿ. ಯಾರು ಕೇಳಿದರು, ಏನು ಕೇಳಿದರು, ಅವರೇ ಯಾಕೆ ತೀರ್ಮಾನ ಮಾಡಲಿಲ್ಲ. ಇಷ್ಟು ಸಾಕು. ಇನ್ನೊಬ್ಬ ಸ್ಥಾಪಕರೂ ಬೇರೆ ನೋಟ್‌ಬುಕ್ಕಿನಲ್ಲಿ ಇದನ್ನೇ ಮಾಡಲಿ.

ಕೊನೆಯ ಕಾಲಂ ಮುಖ್ಯ. ಉತ್ತರಗಳು ಹೆಚ್ಚುಕಮ್ಮಿ ಮೂರು ಗುಂಪಾಗುತ್ತವೆ.

ಮಾಹಿತಿ ಇಲ್ಲ: "ಸಾರ್, ಈ ಹೋಟೆಲಿನವರ ಹಳೇ ಬಾಕಿ ಎಷ್ಟಿದೆ?" ಇದಕ್ಕೆ ಮ್ಯಾನೇಜರ್ ಬೇಕಿಲ್ಲ. ಎಲ್ಲರಿಗೂ ಕಾಣುವ ಒಂದು ಪಟ್ಟಿ ಬೇಕು. ಇಂಥ ಕಡೆ ಜನರನ್ನು ಸೇರಿಸಿಕೊಂಡು ದುಡ್ಡು ಕಳೆಯುವವರೇ ಜಾಸ್ತಿ.

ಅಧಿಕಾರ ಇಲ್ಲ: "ಗಾಡಿ ಪಂಕ್ಚರ್ ಆಗಿದೆ, ಬೇರೆ ಗಾಡಿ ಬಾಡಿಗೆಗೆ ಹಿಡೀಲಾ?" ಈ ಗುಂಪಿಗೆ ಮದ್ದು ಮೂರನೇ ಹಂತದಲ್ಲಿದೆ.

ಧೈರ್ಯ ಇಲ್ಲ: ಅವರಿಗೆ ಗೊತ್ತಿದೆ, ಮಾಡಬಹುದು ಅಂತಲೂ ಇದೆ, ಆದರೂ ಕೇಳುತ್ತಾರೆ. ಹಿಂದೆ ಯಾವಾಗಲೋ ಸ್ವಂತ ಬುದ್ಧಿಯಿಂದ ಮಾಡಿದ್ದಕ್ಕೆ ಎಲ್ಲರ ಎದುರು ಬೈಸಿಕೊಂಡಿರುತ್ತಾರೆ. ಕಾರಣ ಸಾಮಾನ್ಯವಾಗಿ ಸ್ಥಾಪಕರೇ. ಚಿತ್ರ ಎಷ್ಟು ಚೆನ್ನಾಗಿ ಬರೆದರೂ ಇದು ಸರಿಹೋಗಲ್ಲ.

ಹಂತ 2: ಕೆಲಸದ ದಾರಿ ಬರೆಯಿರಿ, ಹೆಸರು ಬೇಡ

ರೈತನ ತೋಟದಿಂದ ಹಿಡಿದು ಅದೇ ರೈತನ ಬ್ಯಾಂಕ್ ಖಾತೆಗೆ ದುಡ್ಡು ಹೋಗುವ ತನಕ ಏನೇನು ನಡೆಯುತ್ತದೆ ಅಂತ ಒಂದು ದೊಡ್ಡ ಹಾಳೆಯಲ್ಲಿ ಬರೆಯಿರಿ. ಆರ್ಡರ್ ಹಿಡಿಯೋದು, ನಾಳೆಗೆ ಎಷ್ಟು ಬೇಕು ಅಂತ ಲೆಕ್ಕ ಹಾಕೋದು, ಕೊಳ್ಳೋದು, ತೂಕ, ಗ್ರೇಡಿಂಗ್, ಲೋಡಿಂಗ್, ಡೆಲಿವರಿ, ವಾಪಸ್ ಬಂದ ಮಾಲು, ಬಿಲ್ಲು, ವಸೂಲಿ, ರೈತರಿಗೆ ಪಾವತಿ. ಜನರ ಹೆಸರು ಬರೆದರೆ ನಿಮಗೆ ಗೊತ್ತಿಲ್ಲದೆಯೇ ಇರುವ ಜನರಿಗೆ ತಕ್ಕಂತೆ ಕೆಲಸ ಹೊಲಿಯೋಕೆ ಶುರು ಮಾಡುತ್ತೀರಿ. ಅದಕ್ಕೇ ಹೆಸರು ಬೇಡ ಅಂದದ್ದು.

ಈಗ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೆಲಸ ದಾಟುವ ಜಾಗಗಳಿಗೆ ಸುತ್ತು ಹಾಕಿ. ಗಲಾಟೆ ಹೆಚ್ಚಾಗಿ ಅಲ್ಲೇ ಇರುತ್ತದೆ. ನಮ್ಮ ಕಂಪನಿಯಲ್ಲಿ ವಾಪಸ್ ಬಂದ ಮಾಲಿನ ಮುಂದೆ ಯಾರ ಕೆಲಸವೂ ಬರೆದಿಲ್ಲ ಅಂತ ಕಾಣುತ್ತದೆ. ಡ್ರೈವರ್ ತಂದು ಗೋಡೌನಿನಲ್ಲಿ ಇಳಿಸುತ್ತಾನೆ, ಅಕೌಂಟ್ಸ್‌ನವರಿಗೆ ಮೂರು ದಿನ ಆದಮೇಲೆ ತಿಳಿಯುತ್ತದೆ, ಅಷ್ಟರಲ್ಲಿ ಮಾಲು ಕೊಳೆತಿರುತ್ತದೆ.

ಹಂತ 3: ತೀರ್ಮಾನಗಳ ಪಟ್ಟಿ

ಈ ಮಾರ್ಗದರ್ಶಿಯಲ್ಲಿ ಒಂದೇ ಹಂತ ಮಾಡುತ್ತೀರಿ ಅಂದರೆ ಇದನ್ನು ಮಾಡಿ.

ಕೋಲಾರದ ಟೊಮೆಟೊ ಮಾರುಕಟ್ಟೆ ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಅಲ್ಲಿ ಲೆಕ್ಕ 15 ಕೆಜಿ ಬಾಕ್ಸಿನದು. 2023ರ ಜುಲೈನಲ್ಲಿ ಅದೇ ಬಾಕ್ಸು 2,000 ರೂಪಾಯಿ ದಾಟಿತ್ತು. ಬೇರೆ ಸಮಯದಲ್ಲಿ ಕಿತ್ತ ಕೂಲಿಯೂ ಹುಟ್ಟದೆ ರೈತರು ರಸ್ತೆ ಬದಿಗೆ ಸುರಿದದ್ದನ್ನೂ ನೋಡಿದ್ದೇವೆ. ಇಂಥ ಕಡೆ ಹರಾಜು ನಡೆಯುವಾಗ "ಒಂದ್ನಿಮಿಷ, ನಮ್ಮ ಸಾರ್‌ನ ಕೇಳಿ ಹೇಳ್ತೀನಿ" ಅಂದರೆ ಮುಗಿಯಿತು, ಮಾಲು ಇನ್ನೊಬ್ಬರ ಪಾಲು. ತೀರ್ಮಾನ ಮಾಡುವ ಅಧಿಕಾರ ಬೆಲೆ ಕಿವಿಗೆ ಬೀಳುವ ಜಾಗದಲ್ಲೇ ಇರಬೇಕು. ಹಾಗಂತ ಮಿತಿಯೇ ಇಲ್ಲದೆ ಬಿಟ್ಟರೆ ಕಂಪನಿ ಒಂದೇ ಸೀಸನ್ನಿನಲ್ಲಿ ಮುಳುಗುತ್ತದೆ.

ಆದ್ದರಿಂದ ಪ್ರತಿ ತೀರ್ಮಾನವನ್ನೂ ಮೂರರಲ್ಲಿ ಒಂದು ಕಡೆ ಹಾಕಿ: ಕೇಳಬೇಕಿಲ್ಲ, ಹೇಳಲೂ ಬೇಕಿಲ್ಲ. ಮಾಡಿ, ಆಮೇಲೆ ತಿಳಿಸಿ. ಮೊದಲು ಕೇಳಿ, ಆಮೇಲೆ ಮಾಡಿ.

ನಮ್ಮ ಕಂಪನಿಯ ಪಟ್ಟಿ ಹೀಗಿರಬಹುದು. ಹಿಂದಿನ ಸಂಜೆ ಆರ್ಡರ್ ನೋಡಿ ಇಬ್ಬರು ಸ್ಥಾಪಕರು ಮೇಲಿನ ಬೆಲೆ ಮತ್ತು ಬಾಕ್ಸ್ ಸಂಖ್ಯೆ ನಿಗದಿ ಮಾಡುತ್ತಾರೆ. ಅದರೊಳಗೆ ಖರೀದಿಯವರು ಯಾರನ್ನೂ ಕೇಳಬೇಕಿಲ್ಲ. ಬಾಕ್ಸಿಗೆ 30 ರೂಪಾಯಿವರೆಗೆ ಜಾಸ್ತಿಯಾದರೆ ಕೊಂಡು ಆಮೇಲೆ ತಿಳಿಸಲಿ. ಅದಕ್ಕೂ ಮೇಲೆ ಹೋದರೆ ಫೋನ್ ಮಾಡಲಿ, ಎರಡು ಸಲ ಮಾಡಿದರೂ ಎತ್ತದಿದ್ದರೆ ಕೊಳ್ಳುವುದು ಬೇಡ. ಈ ಕೊನೆಯ ವಾಕ್ಯವನ್ನು ಬಹಳ ಜನ ಬರೆಯುವುದಿಲ್ಲ. ಫೋನ್ ಎತ್ತದಿದ್ದಾಗ ಏನು ಮಾಡಬೇಕು ಅನ್ನೋದು ಪಟ್ಟಿಯಲ್ಲಿ ಇರಲೇಬೇಕು. ಇಲ್ಲದಿದ್ದರೆ ಪಟ್ಟಿ ಇದ್ದೂ ಇಲ್ಲದ ಹಾಗೆ.

ಗಾಡಿ ಕೆಟ್ಟರೆ 5,000 ರೂಪಾಯಿವರೆಗೆ ಬದಲಿ ಗಾಡಿ ಹಿಡಿಯುವುದು ಲೋಡಿಂಗ್ ನೋಡಿಕೊಳ್ಳುವವರ ಕೈಯಲ್ಲಿರಲಿ. ಮಾಲು ಚೆನ್ನಾಗಿಲ್ಲ ಅಂತ ತಿರಸ್ಕರಿಸುವುದು ಗ್ರೇಡಿಂಗ್ ಮುಖ್ಯಸ್ಥರ ಕೈಯಲ್ಲಿ. ಅದನ್ನು ಸ್ಥಾಪಕರೂ ಫೋನಿನಲ್ಲಿ ಬದಲಾಯಿಸುವ ಹಾಗಿಲ್ಲ. "ಪರವಾಗಿಲ್ಲ ಹಾಕಮ್ಮ, ನಮ್ಮ ಪರಿಚಯದವರು" ಅಂತ ಒಂದು ಸಲ ಹೇಳಿದರೆ ಆ ಹೆಣ್ಣುಮಗಳು ನಾಳೆಯಿಂದ ಯಾವ ಬಾಕ್ಸನ್ನೂ ತಿರಸ್ಕರಿಸುವುದಿಲ್ಲ.

ದುಡ್ಡಿನ ವಿಷಯದಲ್ಲಿ ಒಂದು ನಿಯಮ ಸಡಿಲಿಸಬೇಡಿ. ಕೊಳ್ಳುವವರು, ತೂಕ ನೋಡಿ ಒಪ್ಪಿಕೊಳ್ಳುವವರು, ಪಾವತಿ ಮಾಡುವವರು ಮೂರು ಬೇರೆ ಜನ ಆಗಿರಬೇಕು. ಎಂಟೇ ಜನ ಇದ್ದರೂ ಸರಿ. ಯಾರನ್ನೋ ಅನುಮಾನಿಸುವುದಕ್ಕಾಗಿ ಈ ಮಾತಲ್ಲ. ಲೆಕ್ಕದಲ್ಲಿ ವ್ಯತ್ಯಾಸ ಬಂದಾಗ ನಂಬಿಕಸ್ಥನ ಮೇಲೆ ಬೆರಳು ತೋರಿಸುವ ಪರಿಸ್ಥಿತಿ ಬರಬಾರದು, ಅಷ್ಟೆ.

ಹಂತ 4: ತಲೆ ಎಣಿಕೆಗೆ ತಕ್ಕ ರಚನೆ

ಇಬ್ಬರ ನಡುವೆ ಒಂದು ಮಾತಿನ ದಾರಿ ಅಂತ ಇಟ್ಟುಕೊಂಡರೆ ಐದು ಜನರ ನಡುವೆ 10 ದಾರಿ. ಹತ್ತು ಜನರಾದರೆ 45. ಇಪ್ಪತ್ತಕ್ಕೆ 190, ಐವತ್ತಕ್ಕೆ 1,225. ಜನ ಹತ್ತು ಪಟ್ಟಾದರೆ ದಾರಿ ನೂರು ಪಟ್ಟು ದಾಟುತ್ತದೆ. ಮೊದಲು ಟೀ ಕುಡಿಯುತ್ತಾ ಎಲ್ಲರಿಗೂ ಗೊತ್ತಾಗುತ್ತಿದ್ದ ವಿಷಯ ಈಗ ಯಾರಿಗೂ ಗೊತ್ತಿಲ್ಲ ಅನ್ನಿಸೋದು ಇದಕ್ಕೇ.

ಎಂಟು ಜನರ ತನಕ ರಚನೆ ಬೇಡ. ದುಡ್ಡು, ಗ್ರಾಹಕ, ಮಾಲು, ಜನ, ಈ ನಾಲ್ಕರ ಮುಂದೆ ಒಂದೊಂದು ಹೆಸರಿದ್ದರೆ ಸಾಕು. ಒಬ್ಬರದೇ ಹೆಸರು ಎರಡು ಕಡೆ ಇರಬಹುದು, ಆದರೆ ಒಂದು ವಿಷಯದ ಮುಂದೆ ಎರಡು ಹೆಸರು ಬೇಡ.

ಹತ್ತು ಜನರಾದಾಗ ಕಾನೂನು ಬಾಗಿಲು ತಟ್ಟುತ್ತದೆ. ಇಎಸ್ಐ, ಅಂದರೆ ನೌಕರರ ವಿಮೆ, ಹತ್ತು ಜನಕ್ಕೆ ಅನ್ವಯ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಅದರಲ್ಲಿ ಬರುತ್ತಾರೆ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಹತ್ತು ಜನರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷತೆ ಹಿರಿಯ ಹುದ್ದೆಯ ಮಹಿಳೆಯದು, ಹೊರಗಿನ ಸದಸ್ಯರೊಬ್ಬರು ಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು. ದಿನಗೂಲಿಗೆ ಬಂದು ಪ್ಯಾಕಿಂಗ್ ಮಾಡುವ ಹೆಂಗಸರೂ ಈ ಕಾಯ್ದೆಯಲ್ಲಿ ನೌಕರರೇ. "ನಮ್ಮ ಆಫೀಸಿನಲ್ಲಿ ಆರೇ ಜನ" ಅನ್ನುವವರು ಇದನ್ನು ಗಮನಿಸಬೇಕು. ಎರಡು ಊರಲ್ಲಿ ಕಚೇರಿ ಇದ್ದರೆ ಎರಡು ಕಡೆಯೂ ಸಮಿತಿ ಬೇಕು.

ಹದಿನೈದರಿಂದ ಇಪ್ಪತ್ತರ ನಡುವೆ ಮೊದಲ ಮಧ್ಯದ ಹಂತ, ಅಂದರೆ ಸ್ಥಾಪಕರಿಗೂ ಕೆಲಸದವರಿಗೂ ನಡುವೆ ಮೇಲ್ವಿಚಾರಕರು ಬರುತ್ತಾರೆ. ಇದನ್ನು ಮುಂದೂಡುವವರೇ ಎಲ್ಲರೂ. ಇಪ್ಪತ್ತಕ್ಕೆ ಪಿಎಫ್ (ಭವಿಷ್ಯ ನಿಧಿ) ಕಡ್ಡಾಯ. ಅಷ್ಟು ಹೊತ್ತಿಗೆ ಸಂಬಳ, ರಜೆ, ಪತ್ರ ನೋಡಿಕೊಳ್ಳಲು ಅರ್ಧ ದಿನದ ಮಟ್ಟಿಗಾದರೂ ಒಬ್ಬರು ಬೇಕು.

ಐವತ್ತಾದರೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಕೊಡಬೇಕಾಗುತ್ತದೆ. ಆಮೇಲಿನದು ಬೇರೆಯೇ ಆಟ. ಪ್ರತಿ ವಿಭಾಗಕ್ಕೂ ತನ್ನದೇ ಬಜೆಟ್ಟು, ತನ್ನದೇ ಗುರಿ, ಸ್ಥಾಪಕರಿಗೆ ಹೆಸರು ಗೊತ್ತಿಲ್ಲದ ನೌಕರರು.

"ಮಧ್ಯದವರೇ ಬೇಡ" ಅನ್ನುವ ವಾದ ಆಗಾಗ ಕೇಳುತ್ತೇವೆ. 2000ದ ದಶಕದ ಶುರುವಿನಲ್ಲಿ ಗೂಗಲ್ ತನ್ನ ಎಂಜಿನಿಯರಿಂಗ್ ಮ್ಯಾನೇಜರುಗಳನ್ನು ತೆಗೆದು ನೋಡಿತ್ತು. ಖರ್ಚಿನ ಬಿಲ್ಲು, ಇಬ್ಬರ ಜಗಳ, ಎಲ್ಲ ನೇರ ಸ್ಥಾಪಕರ ಮೇಜಿಗೇ ಬಂತು. ಕೆಲವೇ ತಿಂಗಳಲ್ಲಿ ಆ ಪ್ರಯೋಗ ಕೈಬಿಟ್ಟರು. ಅಷ್ಟು ಬುದ್ಧಿವಂತರನ್ನು ಇಟ್ಟುಕೊಂಡೂ ಆಗಲಿಲ್ಲ ಅಲ್ವಾ?

ಹಂತ 5: ಮೊದಲ ಮೇಲ್ವಿಚಾರಕರನ್ನು ಆರಿಸುವುದು

ಹರಾಜಿನಲ್ಲಿ ಬೆಲೆ ಇಳಿಸೋದರಲ್ಲಿ ಎತ್ತಿದ ಕೈ ಆಗಿರುವ ಹುಡುಗ ಖರೀದಿ ತಂಡದ ಮುಖ್ಯಸ್ಥ ಆಗಲೇಬೇಕು ಅಂತ ಎಲ್ಲೂ ಇಲ್ಲ. ಮುಖ್ಯಸ್ಥನಾದ ದಿನದಿಂದ ಅವನ ಕೆಲಸ ಬೇರೆಯವರಿಗೆ ಕಲಿಸುವುದು. ಅವನಿಗೆ ಅದು ಇಷ್ಟವೇ ಅಂತ ಮೊದಲು ಕೇಳಿ. ಬೇಡ ಅಂದರೆ ಸಂಬಳ ಏರುವ ಇನ್ನೊಂದು ದಾರಿ ಇರಬೇಕು, ತಂಡ ಇಲ್ಲದೆಯೂ ಹಿರಿಯ ಖರೀದಿದಾರ ಅಂತ. ಇಲ್ಲದಿದ್ದರೆ ಒಳ್ಳೆಯ ಖರೀದಿದಾರನೊಬ್ಬನನ್ನು ಕಳೆದುಕೊಂಡು, ಒಬ್ಬ ಸಿಡುಕು ಮೇಲ್ವಿಚಾರಕನನ್ನು ಪಡೆದ ಹಾಗಾಗುತ್ತದೆ.

ಗುರುತಿಸೋದು ಹೇಗೆ? ಹೊಸಬರು ಬಂದಾಗ ಯಾರ ಪಕ್ಕ ನಿಲ್ಲುತ್ತಾರೆ ನೋಡಿ. ಆ ಮನುಷ್ಯ ರಜೆ ಹಾಕಿದ ದಿನ ಅವನ ಜಾಗದ ಕೆಲಸ ನಡೆಯಿತೇ ಅಂತಲೂ ನೋಡಿ. ನಡೆದರೆ ಕಲಿಸಿದ್ದಾನೆ ಅಂತ ಅರ್ಥ.

ಒಬ್ಬರ ಕೈಕೆಳಗೆ ಎಷ್ಟು ಜನ? ದಿನಾ ಒಂದೇ ಬಗೆಯ ಕೆಲಸವಾದರೆ, ಪ್ಯಾಕಿಂಗ್ ಸಾಲಿನ ಹಾಗೆ, ಹದಿನೈದು ಇಪ್ಪತ್ತು ಜನರನ್ನು ಒಬ್ಬರು ನೋಡಬಹುದು. ದಿನಕ್ಕೊಂದು ಹೊಸ ತಲೆನೋವು ಬರುವ ಕೆಲಸವಾದರೆ ಆರೇಳಕ್ಕಿಂತ ಜಾಸ್ತಿ ಬೇಡ. ಒಬ್ಬರ ಕೆಳಗೆ ಒಬ್ಬರೇ ಇದ್ದರೆ ಆ ಹಂತವನ್ನೇ ತೆಗೆದುಹಾಕಿ.

ಇನ್ನು ಹಳಬರ ವಿಷಯ. ಮೊದಲ ವರ್ಷ ಸಂಬಳ ತಡವಾದರೂ ಸುಮ್ಮನಿದ್ದು ಕೆಲಸ ಮಾಡಿದವರು ನಿಮ್ಮನ್ನು "ಅಣ್ಣ", "ಅಕ್ಕ" ಅಂತ ಕರೆಯುತ್ತಾರೆ. ಅವರ ಋಣ ತೀರಿಸಲು "ಆಪರೇಷನ್ಸ್ ಹೆಡ್" ಅಂತ ಹುದ್ದೆ ಕೊಡುವುದು ಸುಲಭ, ಯಾಕೆಂದರೆ ಹುದ್ದೆಗೆ ಖರ್ಚಿಲ್ಲ. ಎರಡು ವರ್ಷ ಕಳೆದ ಮೇಲೆ ನಿಜವಾಗಿ ಆ ಕೆಲಸ ಬಲ್ಲವರನ್ನು ತರಬೇಕಾದಾಗ ಆ ಖರ್ಚು ಒಟ್ಟಿಗೇ ಬರುತ್ತದೆ. ಋಣಕ್ಕೆ ಸಂಬಳ ಏರಿಸಿ, ಬೋನಸ್ ಕೊಡಿ, ಸಾಧ್ಯವಾದರೆ ಷೇರು ಕೊಡಿ. ನೌಕರರ ಷೇರು ಯೋಜನೆಯಲ್ಲಿ ಕೊಟ್ಟ ದಿನದಿಂದ ಹಕ್ಕು ಕೈಗೆ ಬರಲು ಕನಿಷ್ಠ ಒಂದು ವರ್ಷದ ಅಂತರ ಇರಬೇಕು ಅನ್ನುವುದು ಕಂಪನಿ ಕಾನೂನಿನ ನಿಯಮ. ಇದನ್ನು ಮೊದಲೇ ಅವರಿಗೆ ಬಿಡಿಸಿ ಹೇಳಿ.

ಹೊಸ ಮೇಲ್ವಿಚಾರಕರು ಬಂದ ಮೇಲೂ ಹಳಬರು ನೇರ ನಿಮ್ಮ ಹತ್ತಿರವೇ ಬರುತ್ತಾರೆ. ಬರಲಿ, ಕೂರಿಸಿ ಕೇಳಿ. ಆಮೇಲೆ "ಇದನ್ನ ಮೇಡಂಗೆ ಹೇಳಿದ್ದೀಯಾ? ಅವರು ಏನಂದ್ರು?" ಅಂತ ಕೇಳಿ ಅಲ್ಲಿಗೇ ಕಳಿಸಿ. ಉತ್ತರ ಮಾತ್ರ ನೀವು ಕೊಡಬೇಡಿ. ಕಿರುಕುಳ, ಕಳ್ಳತನ, ಜೀವಕ್ಕೆ ಅಪಾಯ ಇಂಥ ದೂರುಗಳಿಗೆ ಈ ನಿಯಮ ಇಲ್ಲ.

ಹಂತ 6: ಊರಿನ ಪ್ರಕಾರ ಒಡೆಯಬೇಕೋ, ಕೆಲಸದ ಪ್ರಕಾರವೋ?

ಮುಳಬಾಗಿಲಿನಲ್ಲೊಂದು, ಚಿಂತಾಮಣಿಯಲ್ಲೊಂದು ಸಂಗ್ರಹ ಕೇಂದ್ರ ತೆರೆದಿರಿ. ಅಲ್ಲಿನ ಗ್ರೇಡಿಂಗ್ ಹುಡುಗಿ ಯಾರ ಮಾತು ಕೇಳಬೇಕು? ಆ ಕೇಂದ್ರದ ಮುಖ್ಯಸ್ಥರದೋ, ಕೋಲಾರದಲ್ಲಿರುವ ಗ್ರೇಡಿಂಗ್ ಮುಖ್ಯಸ್ಥರದೋ?

ಕೇಂದ್ರದವರಿಗೆ ಲೋಡು ತುಂಬಬೇಕು, ರೈತರ ಮನಸ್ಸು ನೋಯಬಾರದು. ಗ್ರೇಡಿಂಗ್‌ನವರಿಗೆ ಕೆಟ್ಟ ಮಾಲು ಹೋಗಬಾರದು. ಇಬ್ಬರೂ ಸರಿ, ಅದಕ್ಕೇ ಜಗಳ. ಕೆಲವರು "ಇಬ್ಬರಿಗೂ ರಿಪೋರ್ಟ್ ಮಾಡಲಿ" ಅಂದುಬಿಡುತ್ತಾರೆ. ದೊಡ್ಡ ಕಂಪನಿಗಳು ಅದನ್ನು ಹೇಗೋ ನಿಭಾಯಿಸುತ್ತವೆ. ಮೂವತ್ತು ಜನರ ಕಂಪನಿಯಲ್ಲಿ ಆ ಹುಡುಗಿ ನಡುವೆ ಸಿಕ್ಕಿ ಒದ್ದಾಡುತ್ತಾಳೆ. ರಜೆ, ಹಾಜರಿ, ದಿನದ ಕೆಲಸ, ಸಂಬಳದ ಶಿಫಾರಸು ಕೇಂದ್ರದ ಮುಖ್ಯಸ್ಥರ ಕೈಯಲ್ಲಿರಲಿ. ಯಾವುದು ಒಳ್ಳೆಯ ಮಾಲು ಅನ್ನುವ ಅಳತೆ, ತರಬೇತಿ, ತಿರಸ್ಕಾರದ ಕೊನೆಯ ಮಾತು ಗ್ರೇಡಿಂಗ್ ಮುಖ್ಯಸ್ಥರದು. ದುಡ್ಡಿನ ಲೆಕ್ಕ ಯಾವ ಕೇಂದ್ರದ ಕೈಗೂ ಬೇಡ, ಕೋಲಾರದಲ್ಲೇ ಇರಲಿ.

ನನ್ನ ಅನುಭವದ ಮಾತು: ನಲವತ್ತು ಜನರ ತನಕ ಕೆಲಸದ ಪ್ರಕಾರ ಒಡೆಯೋದೇ ಸುರಕ್ಷಿತ. ಕೇಂದ್ರಗಳು ನಾಲ್ಕೈದಾಗಿ, ಪ್ರತಿಯೊಂದರ ಲಾಭ ನಷ್ಟ ಬೇರೆ ಬೇರೆ ತೆಗೆಯಲು ಬಂದಾಗ ಊರಿನ ಪ್ರಕಾರ ಯೋಚಿಸಿ.

ಹಂತ 7: ಪಾಲುದಾರರು, ಮನೆಯವರು

ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಕನಿಷ್ಠ ಇಬ್ಬರು ನಿರ್ದೇಶಕರು ಬೇಕು. ಹಾಗಾಗಿ ಎಷ್ಟೋ ಕಡೆ ಹೆಂಡತಿಯೋ ತಮ್ಮನೋ ಕಾಗದದ ಮೇಲೆ ನಿರ್ದೇಶಕರು. ನಿರ್ದೇಶಕ ಅನ್ನೋದು ಒಂದು, ಷೇರುದಾರ ಅನ್ನೋದು ಇನ್ನೊಂದು, ದಿನಾ ಬಂದು ಮಾಡುವ ಕೆಲಸ ಮತ್ತೊಂದು. ಮೂರನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆಯಿರಿ. ಅಪ್ಪ ಜಮೀನು ಅಡವಿಟ್ಟು ಕೊಟ್ಟ ದುಡ್ಡು ಸಾಲವೋ ಷೇರೋ ಅನ್ನೋದನ್ನು ಈಗಲೇ ಕಾಗದಕ್ಕೆ ಹಾಕಿ. ಕಂಪನಿ ಬೆಳೆದ ಮೇಲೆ ಅದನ್ನು ಕೇಳೋಕೆ ಯಾರಿಗೂ ಬಾಯಿ ಬರಲ್ಲ.

ಭಾವಮೈದ ಅಕೌಂಟ್ಸ್ ನೋಡಿಕೊಳ್ಳುತ್ತಾರೆ ಅಂದರೆ ತಪ್ಪೇನಿಲ್ಲ. ಆದರೆ ಅವರಿಗೂ ನೇಮಕದ ಪತ್ರ, ನಿಗದಿಯಾದ ಸಂಬಳ ಇರಲಿ. ನಿಮಗೆ ನೇರ ಅಲ್ಲದೆ ಇನ್ನೊಬ್ಬ ಸ್ಥಾಪಕರಿಗೆ ಅವರು ಉತ್ತರ ಹೇಳಲಿ. ಇಬ್ಬರು ಸ್ಥಾಪಕರೂ ಅಣ್ಣತಮ್ಮಂದಿರಾದರೆ ಹೊರಗಿನ ಲೆಕ್ಕಪರಿಶೋಧಕರಿಂದ ಮೂರು ತಿಂಗಳಿಗೊಮ್ಮೆ ತಪಾಸಣೆ ಮಾಡಿಸಿ.

ಹಂತ 8: ಬೆಂಗಳೂರಿನಲ್ಲಿ ಒಂದು ಆಫೀಸು

ಆ್ಯಪ್ ಮಾಡುವವರು ಬೆಂಗಳೂರಿನಲ್ಲೇ ಸಿಗುತ್ತಾರೆ, ಬಂಗಾರಪೇಟೆಯಿಂದ ದಿನಾ ರೈಲಿನಲ್ಲಿ ಓಡಾಡುವವರೂ ಅಲ್ಲೇ ಕೆಲಸ ಹುಡುಕುತ್ತಾರೆ. ಹಾಗಾಗಿ ಎರಡು ಆಫೀಸು ಆಗಿಯೇ ಆಗುತ್ತದೆ. ಮೆಲ್ವಿನ್ ಕಾನ್ವೇ ಎಂಬ ಕಂಪ್ಯೂಟರ್ ವಿಜ್ಞಾನಿ 1968ರಲ್ಲೇ ಒಂದು ಮಾತು ಹೇಳಿದ್ದರು. ಸಂಸ್ಥೆಯೊಳಗೆ ಜನ ಒಬ್ಬರಿಗೊಬ್ಬರು ಹೇಗೆ ಮಾತಾಡುತ್ತಾರೋ, ಅವರು ಕಟ್ಟುವ ವ್ಯವಸ್ಥೆಯೂ ಅದೇ ಆಕಾರದಲ್ಲಿರುತ್ತದೆ. ಖರೀದಿಯವರು, ಆ್ಯಪ್‌ನವರು ಮಾತೇ ಆಡದಿದ್ದರೆ ಆ್ಯಪಿನಲ್ಲೂ ಖರೀದಿಯ ಬೆಲೆ ಒಂದು ಕಡೆ, ಮಾರಾಟದ ಬೆಲೆ ಇನ್ನೊಂದು ಕಡೆ, ನಡುವೆ ಒಬ್ಬರು ಕೈಯಲ್ಲಿ ಟೈಪ್ ಮಾಡುತ್ತಾ ಕೂತಿರುತ್ತಾರೆ.

ಆ್ಯಪ್ ತಂಡದ ಪ್ರತಿಯೊಬ್ಬರೂ ಕೆಲಸಕ್ಕೆ ಸೇರಿದ ಮೊದಲ ವಾರ ಒಂದು ಬೆಳಗ್ಗೆ ಹರಾಜಿನಲ್ಲಿ ನಿಲ್ಲಲಿ. ವಾರಕ್ಕೊಮ್ಮೆ ಎರಡೂ ಕಡೆಯವರ ಒಂದು ಸಭೆ ಇರಲಿ, ಅರ್ಧ ಗಂಟೆ ಸಾಕು. ಅದು ಇಂಗ್ಲಿಷಿನಲ್ಲಿ ನಡೆದರೆ ಮಾತಾಡುವವರು ಬೆಂಗಳೂರಿನವರಷ್ಟೇ. ನಮ್ಮ ಕಡೆ ಕನ್ನಡ, ತೆಲುಗು ಕಲಸಿ ಮಾತಾಡುವ ಫೀಲ್ಡ್ ಹುಡುಗರ ಹತ್ತಿರವೇ ನಿಜವಾದ ಸುದ್ದಿ ಇರೋದು. ಅವರಿಗೆ ಒಗ್ಗುವ ಭಾಷೆಯಲ್ಲಿ ಮಾತಾಡಿ, ತೀರ್ಮಾನಗಳನ್ನು ಕನ್ನಡದಲ್ಲಿ ಬರೆದು ಗ್ರೂಪಿಗೆ ಹಾಕಿ.

ಹಂತ 9: ಬದಲಾವಣೆ ಯಾವಾಗ, ಹೇಗೆ ಹೇಳಬೇಕು

ಸೀಸನ್ನಿನ ನಡುವೆ ಕೈ ಹಾಕಬೇಡಿ. ಜೂನ್, ಜುಲೈನಲ್ಲಿ ಟೊಮೆಟೊ ಆವಕವೂ ಜೋರು, ಶ್ರೀನಿವಾಸಪುರದ ಮಾವೂ ಜೋರು. ಆಗ ಯಾರ ಮೇಲೆ ಯಾರು ಅಂತ ಕೂತು ಚರ್ಚಿಸುವುದಕ್ಕೆ ಯಾರಿಗೂ ಪುರುಸೊತ್ತಿಲ್ಲ. ನಿಮ್ಮ ವ್ಯವಹಾರದ ಸಡಿಲ ತಿಂಗಳು ಯಾವುದು ನೋಡಿಕೊಂಡು, ವರ್ಷಕ್ಕೆ ಎರಡು ಸಲ ಪಟ್ಟಿ ಬಿಚ್ಚಿ. ನಡುವೆ ತಿದ್ದಬೇಕಾದರೆ ರೂಪಾಯಿ ಮಿತಿ ಮಾತ್ರ ತಿದ್ದಿ.

ಕಾಗದದ ಕೆಲಸ ಮೊದಲು ಮುಗಿಸಿ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕೆಲಸಕ್ಕೆ ತೆಗೆದುಕೊಳ್ಳುವ ಎಲ್ಲರಿಗೂ ನೇಮಕದ ಪತ್ರ ಕೊಡಬೇಕು ಅನ್ನೋದು ಅವುಗಳಲ್ಲಿದೆ. ಬಾಯಿಮಾತಿನ ಕಾಲ ಮುಗಿಯಿತು. ಹುದ್ದೆ ಬದಲಾದವರಿಗೆ ಯಾರಿಗೆ ಉತ್ತರ ಹೇಳಬೇಕು, ಯಾವ ತೀರ್ಮಾನ ಅವರ ಕೈಯಲ್ಲಿದೆ ಅಂತ ಒಂದು ಪುಟದ ಪತ್ರ ಕೊಡಿ.

ಹೇಳುವ ಕ್ರಮಕ್ಕೂ ಒಂದು ಪದ್ಧತಿ ಇದೆ. ಯಾರ ಅಧಿಕಾರ ಕಡಿಮೆಯಾಗುತ್ತದೋ ಅವರಿಗೆ ಮೊದಲು, ಒಬ್ಬರನ್ನೇ ಕೂರಿಸಿಕೊಂಡು. ಕಾರಣ ಸುತ್ತಿ ಬಳಸಿ ಹೇಳಬೇಡಿ. ಸಂಬಳ ಕಡಿಮೆಯಾಗುವುದಿಲ್ಲ ಅಂತಿದ್ದರೆ ಅದನ್ನು ಮೊದಲ ವಾಕ್ಯದಲ್ಲೇ ಹೇಳಿ, ಅವರು ಕಾಯುತ್ತಿರುವುದು ಅದಕ್ಕೇ. ಆಮೇಲೆ ಹೊಸ ಜವಾಬ್ದಾರಿ ಬಂದವರಿಗೆ. ಅದೇ ದಿನ ಸಂಜೆಯೊಳಗೆ ಎಲ್ಲರಿಗೂ ಒಟ್ಟಿಗೆ. ರಾತ್ರಿ ದಾಟಿಸಿದರೆ ಬೆಳಗ್ಗೆ ಲೋಡಿಂಗ್ ಹೊತ್ತಿಗೆ ಹಮಾಲರ ಬಾಯಲ್ಲೂ ಬೇರೆಯದೇ ಕಥೆ ಇರುತ್ತದೆ.